ಜೀವಕೋಶದ ಒತ್ತಡ ಮತ್ತು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದು ಥರ, ತೋಟದವರು ಕೇಳುವುದು ಇನ್ನೊಂದು ಥರ. ಒಬ್ಬರಿಗೆ ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನ್ ವಿಷಯ ಬೇಕು, ಇನ್ನೊಬ್ಬರಿಗೆ ಮಾರ್ಚ್ ಬಿಸಿಲಲ್ಲಿ ಬಾಡುವ ರೊಬಸ್ಟಾ ಗಿಡದ ಚಿಂತೆ. ಎರಡಕ್ಕೂ ಉತ್ತರ ಹುಡುಕುತ್ತಾ ಹೋದರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನುವ ಒಂದೇ ಜಾತಿಯ ಪ್ರೋಟೀನ್‌ಗಳ ಹತ್ತಿರ ಬಂದು ನಿಲ್ಲುತ್ತೇವೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಓದುವಾಗ ಒಂದು ವಿಷಯ ಗಮನಿಸಿ: ಈ ಫ್ಯಾಕ್ಟರ್‌ಗಳು ಹೇಗೆ ಏಳುತ್ತವೆ ಅನ್ನುವಷ್ಟೇ, ಹೇಗೆ ಮತ್ತೆ ಅಡಗುತ್ತವೆ ಅನ್ನುವುದೂ ಮುಖ್ಯ. ಪರೀಕ್ಷೆಗೆ ಓದುವವರು ಆ ಎರಡನೇ ಭಾಗವನ್ನೇ ಬಿಟ್ಟುಬಿಡುತ್ತಾರೆ.

ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಂದ್ರೆ ಏನು?

ಅದೊಂದು ಪ್ರೋಟೀನ್. ಡಿಎನ್‌ಎ ಮೇಲೆ ಒಂದು ಗುರುತಿನ ಜಾಗ ಹುಡುಕಿ ಕೂತು, ಹತ್ತಿರದ ಜೀನ್‌ನಿಂದ ಆರ್‌ಎನ್‌ಎ ಪ್ರತಿ ತೆಗೆಯಬೇಕೋ ಬೇಡವೋ, ತೆಗೆದರೆ ಎಷ್ಟು ಅನ್ನುವುದನ್ನು ತೀರ್ಮಾನಿಸುತ್ತದೆ. ನಿಮ್ಮ ಲಿವರ್ ಕೋಶದಲ್ಲೂ ಚರ್ಮದ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ವ್ಯತ್ಯಾಸ ಇರುವುದು ಯಾವ ಜೀನ್ ಕೆಲಸಕ್ಕೆ ಇಳಿದಿದೆ ಅನ್ನುವುದರಲ್ಲಿ. ತೋಟದಲ್ಲಿ ಕೆಲಸದವರೆಲ್ಲ ಲೈನ್ ಮನೆಯಲ್ಲೇ ಇರುತ್ತಾರೆ, ಆದರೆ ಇವತ್ತು ಯಾರು ಯಾವ ಕೆಲಸಕ್ಕೆ ಹೋಗಬೇಕು ಅಂತ ಬೆಳಗ್ಗೆ ಹೇಳುವುದು ಮೇಸ್ತ್ರಿ, ಅಲ್ವಾ? ಈ ಪ್ರೋಟೀನ್ ಮಾಡುವುದು ಆ ಕೆಲಸ.

ಮನುಷ್ಯನಲ್ಲಿ ಇಂಥವು ಸುಮಾರು 1,600 ಇವೆ. ನಮ್ಮ ಪ್ರೋಟೀನ್ ಜೀನ್‌ಗಳೇ 20,000ದ ಆಸುಪಾಸು. ಅಂದರೆ ನೂರರಲ್ಲಿ ಎಂಟು ಜೀನ್ ಬರೀ ಬೇರೆ ಜೀನ್‌ಗಳನ್ನು ನೋಡಿಕೊಳ್ಳುವುದಕ್ಕೇ ಮೀಸಲು.

ಕುಟುಂಬ ಅಂತ ಯಾಕೆ ಕರೀತಾರೆ?

ಡಿಎನ್‌ಎಯನ್ನು ಹಿಡಿಯುವ ಭಾಗದ ಆಕಾರ ಒಂದೇ ಥರ ಇದ್ದರೆ ಒಂದು ಕುಟುಂಬ. ಮನುಷ್ಯನಲ್ಲಿ ಎಲ್ಲಕ್ಕಿಂತ ದೊಡ್ಡದು ಜಿಂಕ್ ಫಿಂಗರ್ ಕುಟುಂಬ. ಬಿಜಿಪ್, ಬಿಎಚ್‌ಎಲ್‌ಎಚ್, ಹೋಮಿಯೋಡೊಮೇನ್, ನ್ಯೂಕ್ಲಿಯರ್ ರಿಸೆಪ್ಟರ್ ಹೀಗೆ ಇನ್ನೂ ಹಲವು. ಗಿಡಗಳಲ್ಲಿ ಡಬ್ಲ್ಯುಆರ್‌ಕೆವೈ, ಎನ್‌ಎಸಿ, ಎಪಿ2/ಇಆರ್‌ಎಫ್ ಕುಟುಂಬಗಳದ್ದೇ ಜೋರು. ಬಿಸಿಗೆ ಎಚ್ಚರಾಗುವ ಎಚ್‌ಎಸ್‌ಎಫ್ ಮಾತ್ರ ಯೀಸ್ಟ್‌ನಲ್ಲೂ ಇದೆ, ಕಾಫಿ ಗಿಡದಲ್ಲೂ ಇದೆ, ನಮ್ಮಲ್ಲೂ ಇದೆ. ಅಷ್ಟು ಹಳೆಯದು.

ಒಂದೇ ಕುಟುಂಬದವು ಅಂದ ಮಾತ್ರಕ್ಕೆ ಒಂದೇ ಕೆಲಸ ಮಾಡುತ್ತವೆ ಅಂತ ತಿಳಿಯಬೇಡಿ. ಕೆಳಗೆ ಭತ್ತದ ವಿಷಯ ಬಂದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಕೋಶಕ್ಕೆ ಒತ್ತಡ ಅಂದರೆ ಯಾವುದು?

ಬಿಸಿ, ಚಳಿ, ನೀರಿಲ್ಲದಿರುವುದು, ನೀರು ಜಾಸ್ತಿಯಾಗುವುದು, ಆಮ್ಲಜನಕದ ಕೊರತೆ, ಉಪ್ಪು, ವಿಷ, ರೋಗ, ಡಿಎನ್‌ಎಗೆ ಪೆಟ್ಟು. ಕೋಶದ ಒಳಗಿನ ಸಮತೋಲವನ್ನು ಯಾವುದು ಕದಲಿಸಿದರೂ ಅದು ಒತ್ತಡವೇ. ಆ ಸಮತೋಲ ಕಾಯುವುದನ್ನು ಪುಸ್ತಕಗಳಲ್ಲಿ ಹೋಮಿಯೋಸ್ಟಾಸಿಸ್ ಅನ್ನುತ್ತಾರೆ.

ಬಿಸಿ ಏರಿದಾಗ ಒಳಗೆ ಏನಾಗುತ್ತದೆ?

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕಂದ್ರೆ ಇದೊಂದು ಅರ್ಥವಾದರೆ ಉಳಿದವು ಸುಲಭ. 1960ರ ದಶಕದ ಆರಂಭದಲ್ಲಿ ಇಟಲಿಯ ಫೆರುಚ್ಚಿಯೋ ರಿತೋಸ್ಸಾ ಹಣ್ಣಿನ ನೊಣಗಳ ಜೊಲ್ಲುಗ್ರಂಥಿಯ ಕ್ರೋಮೋಸೋಮ್ ನೋಡುತ್ತಿದ್ದರು. ಲ್ಯಾಬ್‌ನಲ್ಲಿ ಯಾರೋ ಇನ್‌ಕ್ಯುಬೇಟರ್‌ನ ಬಿಸಿ ಏರಿಸಿಬಿಟ್ಟಿದ್ದರು. ನೋಡಿದರೆ ಕ್ರೋಮೋಸೋಮ್‌ನ ಕೆಲವು ಜಾಗಗಳು ಉಬ್ಬಿಕೊಂಡಿದ್ದವು. ಉಬ್ಬಿದ ಜಾಗ ಅಂದರೆ ಅಲ್ಲಿ ಜೀನ್ ಜೋರಾಗಿ ಕೆಲಸ ಮಾಡುತ್ತಿದೆ ಅಂತ. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬಿಸಿಗೆ ಕೋಶ ಮಾಡಿಕೊಳ್ಳುವ ಹೀಟ್ ಶಾಕ್ ಪ್ರೋಟೀನ್‌ಗಳ (ಎಚ್‌ಎಸ್‌ಪಿ) ಕಥೆ ಶುರುವಾದದ್ದು ಅಲ್ಲಿಂದ.

ಈಗ ಗೊತ್ತಿರುವುದು ಇಷ್ಟು. ಸಾಮಾನ್ಯ ದಿನಗಳಲ್ಲಿ ಎಚ್‌ಎಸ್‌ಎಫ್ ಕುಟುಂಬದ ಎಚ್‌ಎಸ್‌ಎಫ್1 ಒಂಟಿಯಾಗಿ ಸುಮ್ನೆ ಇರುತ್ತದೆ. ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಅನ್ನುವ ಸಹಾಯಕ ಪ್ರೋಟೀನ್‌ಗಳು ಅದನ್ನು ಹಿಡಿದಿಟ್ಟಿರುತ್ತವೆ. ಬಿಸಿ ಏರಿದಾಗ ಕೋಶದ ಪ್ರೋಟೀನ್‌ಗಳು ಮಡಿಕೆ ಬಿಚ್ಚಿ ಹಾಳಾಗಲು ಶುರುವಾಗುತ್ತವೆ, ಅವುಗಳನ್ನು ನೋಡಿಕೊಳ್ಳಲು ಈ ಸಹಾಯಕರು ಓಡಬೇಕಾಗುತ್ತದೆ, ಎಚ್‌ಎಸ್‌ಎಫ್1 ಬಿಡುಗಡೆಯಾಗುತ್ತದೆ. ಮೂರು ಎಚ್‌ಎಸ್‌ಎಫ್1 ಸೇರಿಕೊಂಡು ಡಿಎನ್‌ಎ ಹಿಡಿಯುತ್ತವೆ. ಆಗ ತಯಾರಾಗುವುದು ಏನು? ಅದೇ ಎಚ್‌ಎಸ್‌ಪಿ70, ಎಚ್‌ಎಸ್‌ಪಿ90. ಅವು ಸಾಕಷ್ಟು ಆದಮೇಲೆ ಮತ್ತೆ ಎಚ್‌ಎಸ್‌ಎಫ್1 ಅನ್ನು ಹಿಡಿದು ಕೂರಿಸುತ್ತವೆ. ಕೆಲಸ ಮುಗಿಸಿದ್ದೇ ಕೆಲಸ ನಿಲ್ಲಿಸುತ್ತದೆ! ನನಗೆ ಇಡೀ ಜೀವಶಾಸ್ತ್ರದಲ್ಲಿ ಇದಕ್ಕಿಂತ ಚೆಂದದ ಏರ್ಪಾಡು ಕಡಿಮೆ ಕಂಡಿದೆ.

ಗಿಡಗಳಲ್ಲಿ ಈ ಕುಟುಂಬ ಇನ್ನೂ ದೊಡ್ಡದು. ಲ್ಯಾಬ್‌ಗಳಲ್ಲಿ ಬಳಸುವ ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಸಾಸಿವೆ ಜಾತಿಯ ಗಿಡದಲ್ಲೇ 21 ಎಚ್‌ಎಸ್‌ಎಫ್ ಇವೆ. ಗಿಡ ಎದ್ದು ನೆರಳಿಗೆ ಹೋಗಲಾರದಲ್ಲ, ಒಳಗೇ ಎಲ್ಲ ಮಾಡಿಕೊಳ್ಳಬೇಕು.

ಹಾಗಾದರೆ ನೆರಳು ಮರ ತೆಗೆದರೂ ಕಾಫಿ ಗಿಡ ತಾನೇ ಸುಧಾರಿಸಿಕೊಳ್ಳುತ್ತದಾ?

ಸ್ವಲ್ಪ ಮಟ್ಟಿಗೆ. ಆದರೆ ಅದಕ್ಕೆ ಬೆಲೆ ಇದೆ. ಹೀಟ್ ಶಾಕ್ ಪ್ರೋಟೀನ್ ಮಾಡುವಾಗ ಗಿಡ ಬೇರೆ ಎಷ್ಟೋ ಕೆಲಸ ಬದಿಗಿಡುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಕಾಫಿ ಮೂಲತಃ ಆಫ್ರಿಕಾದ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆದ ಗಿಡ. ನೆರಳು ಎಲೆಯ ಬಿಸಿ ಇಳಿಸುತ್ತದೆ, ಎಲೆ ತಣ್ಣಗಿದ್ದರೆ ಎಚ್‌ಎಸ್‌ಎಫ್‌ಗಳಿಗೆ ಎಡೆಬಿಡದೆ ಏಳುವ ಅಗತ್ಯ ಬೀಳುವುದಿಲ್ಲ. ಇಳುವರಿ ಆಸೆಗೆ ನೆರಳನ್ನು ಪೂರ್ತಿ ಬೋಳು ಮಾಡುವುದಕ್ಕೆ ನಾನು ಒಪ್ಪುವುದಿಲ್ಲ.

ನರ್ಸರಿ ಗಿಡಗಳಿಗೆ ನಿಧಾನಕ್ಕೆ ಬಿಸಿಲು ತೋರಿಸುತ್ತೇವಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ನಮ್ಮ ಹಿರಿಯರು ಅನುಭವದಿಂದ ಮಾಡಿದ ಕೆಲಸಕ್ಕೆ ಕಾರಣ ಈಗ ಸಿಗುತ್ತಿದೆ. ಅರಾಬಿಡಾಪ್ಸಿಸ್‌ಗೆ ಮೊದಲು ಸ್ವಲ್ಪ ಬಿಸಿ ಕೊಟ್ಟು, ಕೆಲವು ದಿನದ ನಂತರ ಜೋರು ಬಿಸಿ ಕೊಟ್ಟರೆ ಅದು ಬದುಕುತ್ತದೆ. ಒಮ್ಮೆಲೇ ಜೋರು ಬಿಸಿ ಕೊಟ್ಟರೆ ಸಾಯುತ್ತದೆ. ಈ ನೆನಪು ಉಳಿಯಲು ಎಚ್‌ಎಸ್‌ಎಫ್‌ಎ2 ಬೇಕು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಮೇಲೆ ರಾಸಾಯನಿಕ ಗುರುತು ಉಳಿಸಿ, ಆ ಜೀನ್‌ಗಳು ಮುಂದಿನ ಸಲ ಬೇಗ ಏಳುವ ಹಾಗೆ ಅದು ನೋಡಿಕೊಳ್ಳುತ್ತದೆ. ನೆನಪು ಇರುವುದು ಕೆಲವು ದಿನ ಅಷ್ಟೇ, ಹಾಗಾಗಿ ಚಪ್ಪರದ ನೆರಳು ತೆಗೆಯುವುದಕ್ಕೂ ಗಿಡ ನೆಡುವುದಕ್ಕೂ ನಡುವೆ ಜಾಸ್ತಿ ಅಂತರ ಬೇಡ.

ಹೂಮಳೆ ತಡವಾದ ವರ್ಷ ರೊಬಸ್ಟಾ ಗಿಡದೊಳಗೆ ಏನು ನಡೆಯುತ್ತದೆ?

ಬೇರಿಗೆ ನೀರು ಸಾಲದಾದಾಗ ಎಬಿಎ, ಅಂದರೆ ಆಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನ್ ಏರುತ್ತದೆ. ಅದು ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಸುತ್ತದೆ, ಜೊತೆಗೆ ಬಿಜಿಪ್ ಕುಟುಂಬದ ಎಬಿಎಫ್ ಫ್ಯಾಕ್ಟರ್‌ಗಳನ್ನು ಎಬ್ಬಿಸುತ್ತದೆ. ಇವು ಕೋಶವನ್ನು ಒಣಗುವುದರಿಂದ ಕಾಯುವ ಪ್ರೋಟೀನ್‌ಗಳನ್ನು ಮಾಡಿಸುತ್ತವೆ. ಎಬಿಎ ದಾರಿ ಹಿಡಿಯದ ಇನ್ನೊಂದು ಗುಂಪು ಡ್ರೆಬ್, ಅದು ಎಪಿ2/ಇಆರ್‌ಎಫ್ ಕುಟುಂಬದ್ದು. ಬ್ರೆಜಿಲ್ ಮತ್ತು ಫ್ರಾನ್ಸ್‌ನ ವಿಜ್ಞಾನಿಗಳು ಬರ ತಡೆಯುವ ರೊಬಸ್ಟಾ ತಳಿಗಳನ್ನೂ ತಡೆಯದ ತಳಿಗಳನ್ನೂ ಹೋಲಿಸಿ ನೋಡಿದಾಗ, ಡ್ರೆಬ್1ಡಿ ಜೀನ್‌ನ ಮುಂದಿರುವ ನಿಯಂತ್ರಣದ ಭಾಗದಲ್ಲೇ ವ್ಯತ್ಯಾಸಗಳು ಕಂಡವು.

ಇಲ್ಲಿ ಒಂದು ಮಾತು. ರೊಬಸ್ಟಾ ಮೊಗ್ಗಿಗೆ ಒಂದಷ್ಟು ಒಣ ದಿನ ಬೇಕೇ ಬೇಕು. ಆ ಒಣ ದಿನಗಳನ್ನು ಕಂಡ ಮೇಲೆ ಮಳೆ ಬಿದ್ದರೆ ಅಥವಾ ಸ್ಪ್ರಿಂಕ್ಲರ್ ಹಾರಿಸಿದರೆ ತೋಟವೆಲ್ಲ ಒಟ್ಟಿಗೆ ಬೆಳ್ಳಗಾಗುತ್ತದೆ. ಹಾಗಾಗಿ ಒತ್ತಡವೆಲ್ಲ ಕೆಟ್ಟದ್ದಲ್ಲ. ಅದು ಎಷ್ಟು ದಿನ ಇರುತ್ತದೆ ಅನ್ನುವುದೇ ಪ್ರಶ್ನೆ.

ಡ್ರೆಬ್ ಅಷ್ಟು ಒಳ್ಳೆಯದಾದರೆ ಯಾವಾಗಲೂ ಆನ್ ಇರುವ ಗಿಡ ಮಾಡಬಹುದಲ್ಲ?

ಮಾಡಿ ನೋಡಿದ್ದಾರೆ. 1999ರಲ್ಲಿ ಜಪಾನಿನ ತಂಡವೊಂದು ಅರಾಬಿಡಾಪ್ಸಿಸ್‌ನಲ್ಲಿ ಡ್ರೆಬ್1ಎ ಸದಾ ಕೆಲಸ ಮಾಡುವ ಹಾಗೆ ಮಾಡಿತು. ಗಿಡಗಳು ಬರ, ಚಳಿ, ಉಪ್ಪು ಎಲ್ಲ ತಡೆದುಕೊಂಡವು, ಆದರೆ ಕುಳ್ಳಗೆ ಉಳಿದುಬಿಟ್ಟವು. ಒತ್ತಡ ಬಂದಾಗ ಮಾತ್ರ ಏಳುವ ಇನ್ನೊಂದು ಜೀನ್‌ನ ಸ್ವಿಚ್ ತಂದು ಡ್ರೆಬ್1ಎಗೆ ಜೋಡಿಸಿದಾಗ ಗಿಡ ಚೆನ್ನಾಗಿಯೂ ಬೆಳೆಯಿತು, ಬರವನ್ನೂ ತಡೆಯಿತು. ಬರ ತಡೆಯುವ ಜೀನ್ ಹಾಕಿದರೆ ಸಾಕು ಅನ್ನುವವರಿಗೆ ನಾನು ಈ ಪ್ರಯೋಗವನ್ನೇ ಹೇಳುವುದು.

ಗದ್ದೆ ಮುಳುಗಿದರೆ ಭತ್ತ ಉಳಿಯುವ ತಳಿ ಇದೆಯಂತೆ, ನಿಜವಾ?

ನಿಜ. 2018 ಮತ್ತು 2019ರ ಆಗಸ್ಟ್ ಪ್ರವಾಹದ ನಂತರ ಕಾವೇರಿ ಬದಿಯ ಗದ್ದೆಯವರು ಇದನ್ನು ತುಂಬಾ ಕೇಳುತ್ತಾರೆ. ಒಡಿಶಾದ ಹಳೆಯ ತಳಿಯೊಂದರಲ್ಲಿ ಸಬ್1ಎ ಅನ್ನುವ ಜೀನ್ ಸಿಕ್ಕಿತು, 2006ರಲ್ಲಿ ಅದರ ವಿವರ ಪ್ರಕಟವಾಯಿತು. ಇದು ಇಆರ್‌ಎಫ್ ಕುಟುಂಬದ್ದು. ಸಾಮಾನ್ಯ ಭತ್ತ ಮುಳುಗಿದಾಗ ಗಾಬರಿಯಲ್ಲಿ ಉದ್ದ ಬೆಳೆಯಲು ಹೋಗಿ ಇದ್ದ ಸಕ್ಕರೆಯೆಲ್ಲ ಖರ್ಚು ಮಾಡಿ ಸಾಯುತ್ತದೆ. ಸಬ್1ಎ ಇರುವ ಗಿಡ ಬೆಳವಣಿಗೆ ನಿಲ್ಲಿಸಿ, ಉಸಿರು ಹಿಡಿದು ಕೂರುತ್ತದೆ, ನೀರು ಇಳಿದ ಮೇಲೆ ಮತ್ತೆ ಚಿಗುರುತ್ತದೆ. ಸುಮಾರು ಎರಡು ವಾರ ಮುಳುಗಿದ್ದರೂ ತಡೆಯುತ್ತದೆ. ಇದನ್ನು ಸ್ವರ್ಣ ಭತ್ತಕ್ಕೆ ಸೇರಿಸಿ ಸ್ವರ್ಣ-ಸಬ್1 ಮಾಡಿದರು, ನಮ್ಮ ದೇಶದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಇದು ಕುಲಾಂತರಿ ಅಲ್ಲ, ಭತ್ತಕ್ಕೆ ಭತ್ತವನ್ನೇ ಅಡ್ಡ ಹಾಯಿಸಿದ್ದು.

ಅದೇ ಇಆರ್‌ಎಫ್ ಕುಟುಂಬದಲ್ಲಿ ಸ್ನಾರ್ಕೆಲ್ ಅನ್ನುವ ಎರಡು ಜೀನ್‌ಗಳಿವೆ, ಆಳ ನೀರಿನ ಭತ್ತದಲ್ಲಿ. ಅವು ತದ್ವಿರುದ್ಧ: ನೀರು ಏರಿದ ಹಾಗೆ ಗಿಡವನ್ನು ಮೇಲೆ ಮೇಲೆ ಬೆಳೆಸುತ್ತವೆ. ತಿಂಗಳುಗಟ್ಟಲೆ ನೀರು ನಿಲ್ಲುವ ಕಡೆ ಅದು ಸರಿ, ಕೆಲವೇ ದಿನ ಮುಳುಗುವ ಕಡೆ ಸಬ್1ಎ ಸರಿ. ಆದರೆ ಸ್ವರ್ಣ ಬಯಲುಸೀಮೆಯ ಭತ್ತ, ನಮ್ಮ ಎತ್ತರ, ಚಳಿ, ಮೋಡ ಬೇರೆ. ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳದೆ ಬೀಜ ತರಿಸಬೇಡಿ. ಗುಡ್ಡ ಜಾರಿ ಗದ್ದೆ ಮೇಲೆ ಮಣ್ಣು, ಮರಳು ಕೂತರೆ ಯಾವ ಜೀನೂ ಉಳಿಸಲಾರದು.

ಎಲೆ ತುಕ್ಕು ರೋಗಕ್ಕೆ ಯಾವ ಫ್ಯಾಕ್ಟರ್?

ಶಿಲೀಂಧ್ರ ಬಂದಿದೆ ಅಂತ ಮೊದಲು ಗುರುತಿಸುವುದು ಗಿಡದ ಎಸ್‌ಎಚ್ ಜೀನ್‌ಗಳು. ಅವುಗಳಲ್ಲಿ ಎಸ್‌ಎಚ್3 ಲೈಬೀರಿಕಾ ಕಾಫಿಯಿಂದ ಅರೇಬಿಕಾಕ್ಕೆ ಬಂದದ್ದು. ಗುರುತಿಸಿದ ಮೇಲೆ ಪ್ರತಿರೋಧದ ಜೀನ್‌ಗಳನ್ನು ಎಬ್ಬಿಸುವ ಕೆಲಸದಲ್ಲಿ ಡಬ್ಲ್ಯುಆರ್‌ಕೆವೈ ಕುಟುಂಬ ಮುಂದಿರುತ್ತದೆ. ಮೊದಲ ಹಂತ ತಪ್ಪಿದರೆ ಎರಡನೆಯದು ತಡವಾಗುತ್ತದೆ, ಅಷ್ಟರಲ್ಲಿ ಎಲೆ ಮೇಲೆ ಹಳದಿ ಪುಡಿ ಬಂದಿರುತ್ತದೆ. ತಳಿಯ ಬಗ್ಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ.

ಹಾಕಿ ಆಡುವ ಮಗನಿಗೆ ಆಂಟಿಆಕ್ಸಿಡೆಂಟ್ ಮಾತ್ರೆ ಕೊಡಬಹುದಾ?

ಕೊರತೆ ಇದೆ ಅಂತ ಡಾಕ್ಟರ್ ಹೇಳದಿದ್ದರೆ, ನನ್ನ ಪ್ರಕಾರ ಬೇಡ. ನಮ್ಮ ಕೋಶದಲ್ಲೇ ಎನ್‌ಆರ್‌ಎಫ್2 ಅನ್ನುವ ಬಿಜಿಪ್ ಫ್ಯಾಕ್ಟರ್ ಇದೆ. ಕೀಪ್1 ಪ್ರೋಟೀನ್ ಅದನ್ನು ಹಿಡಿದು ಹಿಡಿದು ಒಡೆಯಲು ಕಳಿಸುತ್ತಿರುತ್ತದೆ, ಸುಮಾರು 20 ನಿಮಿಷದಲ್ಲಿ ಅರ್ಧಕ್ಕರ್ಧ ಮುಗಿದಿರುತ್ತದೆ. ಓಡಿ ಆಡಿದಾಗ ಹುಟ್ಟುವ, ಕೋಶಕ್ಕೆ ಪೆಟ್ಟು ಕೊಡಬಲ್ಲ ಆಕ್ಸಿಡೆಂಟ್‌ಗಳು ಕೀಪ್1ನ ಹಿಡಿತ ಸಡಿಲ ಮಾಡುತ್ತವೆ. ಎನ್‌ಆರ್‌ಎಫ್2 ಉಳಿದು ನ್ಯೂಕ್ಲಿಯಸ್‌ಗೆ ಹೋಗಿ, ಗ್ಲುಟಾಥಯೋನ್ ಅನ್ನುವ ರಕ್ಷಕ ವಸ್ತು ಮಾಡುವ ಕಿಣ್ವಗಳನ್ನೂ ಇನ್ನಷ್ಟು ರಕ್ಷಣೆಯ ಕಿಣ್ವಗಳನ್ನೂ ಹೆಚ್ಚಿಸುತ್ತದೆ. ಅಂದರೆ ಆ ಸಣ್ಣ ಒತ್ತಡವೇ ಸಂದೇಶ. 2009ರಲ್ಲಿ ಜರ್ಮನಿಯಲ್ಲಿ ನಡೆದ ಅಧ್ಯಯನದಲ್ಲಿ ಯುವಕರು ನಾಲ್ಕು ವಾರ ವ್ಯಾಯಾಮ ಮಾಡಿದರು. ದಿನಾ 1,000 ಮಿ.ಗ್ರಾಂ ವಿಟಮಿನ್ ಸಿ ಜೊತೆಗೆ ವಿಟಮಿನ್ ಇ ತೆಗೆದುಕೊಂಡವರಲ್ಲಿ, ವ್ಯಾಯಾಮದಿಂದ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದರಲ್ಲಿ ಆಗಬೇಕಿದ್ದ ಸುಧಾರಣೆ ಆಗಲೇ ಇಲ್ಲ. ಮಗ ಕಿತ್ತಳೆ ತಿನ್ನಲಿ, ಸೊಪ್ಪು ತಿನ್ನಲಿ.

ಮತ್ತೆ, ಎನ್‌ಆರ್‌ಎಫ್2 ಯಾವಾಗಲೂ ಏರಿಯೇ ಇರುವುದೂ ಅಪಾಯ. ಎಷ್ಟೋ ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಕೀಪ್1 ಕೆಟ್ಟಿರುತ್ತದೆ, ಕ್ಯಾನ್ಸರ್ ಕೋಶ ಆ ರಕ್ಷಣೆಯನ್ನೇ ಬಳಸಿ ಕೀಮೋ ಔಷಧಿಯಿಂದ ತಪ್ಪಿಸಿಕೊಳ್ಳುತ್ತದೆ.

ಬೆಲ್ಲ ಕಾಪಿ ಕುಡಿದರೆ ಕೊಲೆಸ್ಟ್ರಾಲ್ ಏರುತ್ತದಾ? ಅದಕ್ಕೂ ಜೀನ್‌ಗೂ ಏನು ಸಂಬಂಧ?

ಒಳ್ಳೆಯ ಪ್ರಶ್ನೆ. ಕಾಫಿ ಎಣ್ಣೆಯಲ್ಲಿ ಕೆಫೆಸ್ಟಾಲ್ ಅನ್ನುವ ವಸ್ತು ಇದೆ. ಅದು ನ್ಯೂಕ್ಲಿಯರ್ ರಿಸೆಪ್ಟರ್ ಕುಟುಂಬದ ಎಫ್‌ಎಕ್ಸ್‌ಆರ್ ಅನ್ನು ಎಬ್ಬಿಸುತ್ತದೆ ಅಂತ 2007ರಲ್ಲಿ ತೋರಿಸಿದರು. ಎಫ್‌ಎಕ್ಸ್‌ಆರ್ ಕೆಲಸ ಪಿತ್ತರಸದ ಲೆಕ್ಕ ನೋಡುವುದು. ಅದು ಎದ್ದರೆ ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತದ ಆಮ್ಲ ಮಾಡುವುದನ್ನು ಕಡಿಮೆ ಮಾಡುತ್ತದೆ, ಕೊಲೆಸ್ಟ್ರಾಲ್ ಖರ್ಚಾಗದೆ ಉಳಿಯುತ್ತದೆ. ಕುದಿಸಿ ಮಾಡಿದ ಕಾಫಿಯಲ್ಲಿ ಈ ಎಣ್ಣೆ ಉಳಿಯುತ್ತದೆ, ಕಾಗದದ ಫಿಲ್ಟರ್ ಬಹುಪಾಲು ಹಿಡಿದುಕೊಳ್ಳುತ್ತದೆ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೆಸ್ಟಾಲ್ ಕಡಿಮೆ. ದಿನಕ್ಕೆ ಒಂದೆರಡು ಲೋಟಕ್ಕೆ ಹೆದರಬೇಕಿಲ್ಲ. ಈಗಾಗಲೇ ಕೊಲೆಸ್ಟ್ರಾಲ್ ಜಾಸ್ತಿ ಇರುವವರು, ಬೆಳಗಿನಿಂದ ಸಂಜೆ ತನಕ ಕುದಿಸಿದ ಕಾಫಿಯೇ ಕುಡಿಯುವವರು ಯೋಚಿಸಬೇಕು.

ಮನೆಯವರು ಸೇನೆಯಲ್ಲಿದ್ದಾರೆ, ಲೇಹ್‌ಗೆ ಪೋಸ್ಟಿಂಗ್ ಆಗಿದೆ. ಅಲ್ಲಿ ದೇಹ ಹೇಗೆ ಹೊಂದಿಕೊಳ್ಳುತ್ತದೆ?

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಅದರ ಮೂರನೇ ಒಂದು ಭಾಗ. ಆಮ್ಲಜನಕ ಸಾಕಷ್ಟು ಇರುವಾಗ ನಮ್ಮ ಕೋಶಗಳು ಎಚ್‌ಐಎಫ್ ಅನ್ನುವ ಫ್ಯಾಕ್ಟರ್ ಮಾಡಿ ಮಾಡಿ, ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತಿರುತ್ತವೆ. ಒಡೆಯಲು ಹಾಕುವ ಗುರುತಿಗೇ ಆಮ್ಲಜನಕ ಬೇಕು. ಅದು ಕಡಿಮೆಯಾದರೆ ಗುರುತು ಬೀಳುವುದಿಲ್ಲ, ಎಚ್‌ಐಎಫ್ ಉಳಿಯುತ್ತದೆ, ಕಿಡ್ನಿಯಲ್ಲಿ ಎರಿತ್ರೋಪೊಯೆಟಿನ್ ಹಾರ್ಮೋನ್ ಏರುತ್ತದೆ, ಕೆಂಪು ರಕ್ತಕಣ ಹೆಚ್ಚುತ್ತದೆ. ಇದನ್ನು ಬಿಡಿಸಿ ಹೇಳಿದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಹಾರ್ಮೋನ್ ಗಂಟೆಗಳಲ್ಲಿ ಏರಿದರೂ ರಕ್ತಕಣ ಹೆಚ್ಚಲು ವಾರಗಳು ಬೇಕು. ಹಾಗಾಗಿ ಮೊದಲ ದಿನಗಳ ವಿಶ್ರಾಂತಿಯನ್ನು ಯಾರೂ ತಪ್ಪಿಸಬಾರದು, ಎಷ್ಟೇ ಗಟ್ಟಿಮುಟ್ಟಾಗಿದ್ದರೂ.

ಟಿಬೆಟಿನವರ ದೇಹದಲ್ಲಿ ಇನ್ನೊಂದು ಬಗೆ. ಅವರಲ್ಲಿ ಬಹಳ ಜನರಿಗೆ ಎಚ್‌ಐಎಫ್-2ರ ಜೀನ್‌ನಲ್ಲಿ ಸಣ್ಣ ಬದಲಾವಣೆ ಇದೆ, ಅಷ್ಟು ಎತ್ತರದಲ್ಲೂ ರಕ್ತಕಣ ಮಿತಿಮೀರಿ ಏರುವುದಿಲ್ಲ, ರಕ್ತ ಗಟ್ಟಿಯಾಗುವ ತೊಂದರೆ ತಪ್ಪುತ್ತದೆ. ನಮ್ಮ ಬೈಲಕುಪ್ಪೆಯ ಟಿಬೆಟಿಯನ್ನರ ಹಿರಿಯರು ಬಂದದ್ದು ಆ ಎತ್ತರದಿಂದಲೇ.

ಆನೆಗೆ ಕ್ಯಾನ್ಸರ್ ಬರೋದು ಕಡಿಮೆ ಅಂತಾರಲ್ಲ?

ಹೌದು, ಅದಕ್ಕೆ ಪಿ53 ಒಂದು ಕಾರಣ. ಡಿಎನ್‌ಎಗೆ ಪೆಟ್ಟಾದರೆ ಪಿ53 ಎದ್ದು ಕೋಶ ಎರಡಾಗಿ ಒಡೆಯುವುದನ್ನು ತಡೆದು ದುರಸ್ತಿಗೆ ಸಮಯ ಕೊಡುತ್ತದೆ. ಆಗದಿದ್ದರೆ ಕೋಶವನ್ನೇ ಸಾಯಿಸುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ. ನಮಗೆ ಇರುವುದು ಒಂದು ಜೀನ್, ಆಫ್ರಿಕಾದ ಆನೆಯಲ್ಲಿ ಸುಮಾರು 20 ಪ್ರತಿಗಳಿವೆ ಅಂತ 2015ರಲ್ಲಿ ಗೊತ್ತಾಯಿತು. ನಮ್ಮ ಏಷ್ಯಾದ ಆನೆಯಲ್ಲೂ ಹಲವು ಪ್ರತಿಗಳಿವೆ. ನಾಗರಹೊಳೆಯಿಂದ ಹಲಸಿನ ಹಣ್ಣಿಗೆ ತೋಟಕ್ಕೆ ಇಳಿಯುವ ಆ ದೊಡ್ಡ ಜೀವದಲ್ಲಿ ನಮಗಿಂತ ಎಷ್ಟೋ ಪಟ್ಟು ಕೋಶಗಳಿವೆ, ಆದರೂ ಕ್ಯಾನ್ಸರ್ ಕಡಿಮೆ.

ಹಾಗಂತ ಪಿ53 ಬಿಗಿಯಿಲ್ಲದೆ ಬಿಟ್ಟರೆ ಅದೂ ಆಗದು. ಅದನ್ನು ಅಡಗಿಸುವ ಎಂಡಿಎಂ2 ಇಲ್ಲದ ಇಲಿಗಳು ಭ್ರೂಣದಲ್ಲೇ ಸಾಯುತ್ತವೆ, ಪಿ53ಯನ್ನೂ ತೆಗೆದರೆ ಬದುಕುತ್ತವೆ. ಇದು 1995ರಲ್ಲೇ ಗೊತ್ತಾದದ್ದು.

ಒತ್ತಡ ಬಹಳ ದಿನ ಮುಂದುವರಿದರೆ?

ಕಾಯುತ್ತಿದ್ದ ದಾರಿಯೇ ಕೊಲ್ಲುವ ದಾರಿಯಾಗುತ್ತದೆ. ಕೋಶದೊಳಗೆ ಪ್ರೋಟೀನ್ ಮಡಚುವ ಜಾಗ ಇಆರ್, ಅಂದರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ. ಅಲ್ಲಿ ಕೆಲಸ ಜಾಸ್ತಿಯಾದಾಗ ಐಆರ್‌ಇ1, ಪರ್ಕ್, ಎಟಿಎಫ್6 ಅನ್ನುವ ಮೂರು ಕಾವಲುಗಾರರು ಎಕ್ಸ್‌ಬಿಪಿ1, ಎಟಿಎಫ್4 ಮುಂತಾದ ಬಿಜಿಪ್ ಫ್ಯಾಕ್ಟರ್‌ಗಳ ಮೂಲಕ ಸುದ್ದಿ ಮುಟ್ಟಿಸುತ್ತಾರೆ. ಮೊದಲು ಹೊರೆ ಇಳಿಸಲು ನೋಡುತ್ತವೆ. ಹೊರೆ ಇಳಿಯದೇ ಹೋದರೆ ಎಟಿಎಫ್4 ಚಾಪ್ ಅನ್ನುವ ಇನ್ನೊಂದು ಫ್ಯಾಕ್ಟರ್ ಎಬ್ಬಿಸುತ್ತದೆ, ಅದು ಕೋಶವನ್ನು ಸಾವಿನ ಕಡೆ ತಳ್ಳುತ್ತದೆ. ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಹಗಲಿರುಳು ಪ್ರೋಟೀನ್ ಮಡಚುವವು, ಅವಕ್ಕೆ ಇದರ ಪೆಟ್ಟು ಜಾಸ್ತಿ. ಸಕ್ಕರೆ ಕಾಯಿಲೆಯನ್ನು ಬೇಗ ಹಿಡಿತಕ್ಕೆ ತನ್ನಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಮನಸ್ಸಿನ ಒತ್ತಡಕ್ಕೂ ಇದಕ್ಕೂ ಸಂಬಂಧ?

ಇದೆ. ಚಿಂತೆಯಾದಾಗ ಏರುವ ಕಾರ್ಟಿಸಾಲ್ ಹಾರ್ಮೋನ್ ಕೋಶದೊಳಗೆ ಹೋಗಿ ಹಿಡಿಯುವ ರಿಸೆಪ್ಟರ್ ತಾನೇ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಉರಿಯೂತ ಎಬ್ಬಿಸುವ ಎನ್‌ಎಫ್-ಕಪ್ಪಾ ಬಿ ಅನ್ನು ಅದು ತಗ್ಗಿಸುತ್ತದೆ. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಔಷಧಿ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಸ್ಟೀರಾಯ್ಡ್ ಮಾತ್ರೆಯನ್ನು ಬಹಳ ದಿನ ತೆಗೆದುಕೊಂಡವರು ದಯವಿಟ್ಟು ತಾವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಅಷ್ಟು ದಿನ ದೇಹ ತನ್ನ ಕಾರ್ಟಿಸಾಲ್ ಮಾಡುವುದನ್ನು ನಿಲ್ಲಿಸಿರುತ್ತದೆ, ಮತ್ತೆ ಶುರು ಮಾಡಲು ಸಮಯ ಬೇಕು.

ಕಾಲೇಜು ಪ್ರಾಜೆಕ್ಟ್‌ಗೆ ಇದರಲ್ಲಿ ಏನಾದರೂ ಮಾಡಬಹುದಾ?

ಜೀನ್ ಮಟ್ಟದಲ್ಲಿ ನೋಡಲು ದುಬಾರಿ ಯಂತ್ರ ಬೇಕು. ಫ್ಯಾಕ್ಟರ್ ಡಿಎನ್‌ಎಯ ಎಲ್ಲೆಲ್ಲಿ ಕೂತಿದೆ ಅಂತ ತಿಳಿಯಲು ಚಿಪ್-ಸೀಕ್, ಆರ್‌ಎನ್‌ಎ ಎಷ್ಟು ಏರಿದೆ ಅಂತ ಅಳೆಯಲು ಆರ್‌ಟಿ-ಪಿಸಿಆರ್. ಆದರೆ ಪರಿಣಾಮವನ್ನು ನಿಮ್ಮ ಲ್ಯಾಬ್‌ನಲ್ಲೇ ನೋಡಬಹುದು. ಹೆಸರುಕಾಳಿನ ಮೊಳಕೆಯನ್ನು ಮೂರು ಗುಂಪು ಮಾಡಿ. ಒಂದು ಗುಂಪಿಗೆ ಏನೂ ಬೇಡ. ಇನ್ನೊಂದಕ್ಕೆ ನೇರ ಜೋರು ಬಿಸಿ. ಮೂರನೆಯದಕ್ಕೆ ಮೊದಲು ಹದ ಬಿಸಿ, ಒಂದೆರಡು ಗಂಟೆ ಬಿಟ್ಟು ಜೋರು ಬಿಸಿ. ವಾಟರ್ ಬಾತ್, ಥರ್ಮಾಮೀಟರ್, ಸ್ಕೇಲ್ ಇದ್ದರೆ ಸಾಕು. ಹದ ಬಿಸಿಗೆ 40 ಡಿಗ್ರಿ ಹತ್ತಿರ ಶುರು ಮಾಡಿ, ಜೋರು ಬಿಸಿ ಎಷ್ಟು ಅನ್ನುವುದನ್ನು ಮೊದಲೇ ಕೆಲವು ಮೊಳಕೆಗಳ ಮೇಲೆ ಪರೀಕ್ಷಿಸಿ ಗೊತ್ತು ಮಾಡಿಕೊಳ್ಳಿ. ಬೇರಿನ ಉದ್ದವನ್ನು ದಿನಾ ಒಂದೇ ಹೊತ್ತಿಗೆ ಅಳೆಯಿರಿ, ಪ್ರತಿ ಗುಂಪಲ್ಲೂ ಕನಿಷ್ಠ 30 ಮೊಳಕೆ ಇರಲಿ, ಯಾವ ತಟ್ಟೆ ಯಾವ ಗುಂಪಿನದು ಅನ್ನುವುದು ಅಳೆಯುವವರಿಗೆ ಗೊತ್ತಾಗದ ಹಾಗೆ ನಂಬರ್ ಹಾಕಿ.